ಜಪಾನಿ ಕಲಿಯುವವರಿಗೆ: ‘ಸನ್’ ಎಲ್ಲಿ ಸೇರಿಸಬೇಕು, ಎಲ್ಲಿ ಬಿಡಬೇಕು?

ಜಪಾನಿನ ಒಂದು ಕಚೇರಿಗೆ ಗ್ರಾಹಕರೊಬ್ಬರು ಫೋನ್ ಮಾಡಿ, ‘ನಕಮುರ ಅವರಿದ್ದಾರೆಯೇ?’ ಎಂದು ಕೇಳುತ್ತಾರೆ. ನಕಮುರ ಆ ವಿಭಾಗದ ಮುಖ್ಯಸ್ಥರು. ಫೋನ್ ಎತ್ತಿದವನು ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗದ ಹುಡುಗ. ಅವನ ಉತ್ತರ: ‘ನಕಮುರ ವ ತದೈಮ ಸೆಕಿ ಒ ಹಜುಶಿತೆ ಒರಿಮಸ್.’ ನಕಮುರ ಸದ್ಯ ತಮ್ಮ ಜಾಗದಲ್ಲಿಲ್ಲ ಎಂದು ಇದರ ಅರ್ಥ. ಮೇಲಧಿಕಾರಿಯ ಹೆಸರಿನ ಹಿಂದೆ ಗೌರವ ಸೂಚಿಸುವ ‘ಸನ್’ ಇಲ್ಲ, ಹುದ್ದೆಯೂ ಇಲ್ಲ. ನಮ್ಮ ಕಿವಿಗೆ ಇದು ಉದ್ಧಟತನ. ಅಲ್ಲಿ ಇದೇ ಸರಿಯಾದ ನಡವಳಿಕೆ.

ಜಪಾನಿ ಭಾಷೆಯ ಗೌರವ ವಯಸ್ಸು, ಹುದ್ದೆಗಳನ್ನಷ್ಟೇ ನೋಡುವುದಿಲ್ಲ. ಮಾತನಾಡುವಾಗ ಯಾರು ‘ಉಚಿ’ (ನಮ್ಮ ಕಡೆಯವರು), ಯಾರು ‘ಸೊತೊ’ (ಹೊರಗಿನವರು) ಎಂಬುದನ್ನೂ ನೋಡುತ್ತದೆ. ಹೊರಗಿನವರ ಎದುರು ನಮ್ಮವರನ್ನು ಎತ್ತಿ ಹೇಳುವಂತಿಲ್ಲ. ಶಬ್ದಪಟ್ಟಿ ಉರುಹೊಡೆದು ಗೌರವದ ಪಾಠವನ್ನು ಕೊನೆಗೆ ಇಟ್ಟುಕೊಂಡರೆ ಕಲಿತದ್ದನ್ನೆಲ್ಲ ಮತ್ತೆ ಕಲಿಯಬೇಕಾಗುತ್ತದೆ. ಬಿಡದಿ, ನರಸಾಪುರದ ಜಪಾನಿ ಕಂಪನಿಗಳಲ್ಲಿ ಕೆಲಸ ಹುಡುಕುವವರಾಗಲಿ, ಸುಮ್ಮನೆ ಆಸಕ್ತಿಯಿಂದ ಕಲಿಯುವವರಾಗಲಿ, ಎರಡನ್ನೂ ಒಟ್ಟಿಗೆ ಹಿಡಿಯುವುದು ಲೇಸು.

ಹಂತ 1: ಉಚ್ಚಾರಣೆಗೆ ಕನ್ನಡ ಲಿಪಿಯೇ ಸಾಕು

ಮೊದಲ ಒಂದೆರಡು ವಾರ ಟಿಪ್ಪಣಿಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಳ್ಳಬೇಡಿ. ಜಪಾನಿಯಲ್ಲಿ ಐದೇ ಸ್ವರಗಳು: ಅ, ಇ, ಉ, ಎ, ಒ. ಹ್ರಸ್ವ, ದೀರ್ಘ ಬದಲಾದರೆ ಅರ್ಥವೂ ಬದಲು. ‘ಒಬಸನ್’ ಎಂದರೆ ಚಿಕ್ಕಮ್ಮ, ಅತ್ತೆ ಅಥವಾ ನಡುವಯಸ್ಸಿನ ಹೆಂಗಸು. ‘ಒಬಾಸನ್’ ಎಂದರೆ ಅಜ್ಜಿ. ಎಳೆದರೆ ಎದುರಿಗಿರುವವರ ವಯಸ್ಸು ಒಂದು ತಲೆಮಾರು ಏರುತ್ತದೆ. ಒತ್ತಕ್ಷರವೂ ಹಾಗೆಯೇ: ‘ಕಿತೆ’ ಎಂದರೆ ಬಂದು, ‘ಕಿತ್ತೆ’ ಎಂದರೆ ಅಂಚೆಚೀಟಿ. ಇವೆಲ್ಲ ನಮ್ಮ ಲಿಪಿಯಲ್ಲಿ ಸಲೀಸಾಗಿ ಕೂರುತ್ತವೆ. ಮಹಾಪ್ರಾಣಗಳಿಲ್ಲ, ‘ಲ’ ಇಲ್ಲ. ಪದದ ಕೊನೆಯ ‘ಸು’ ಹೆಚ್ಚಾಗಿ ‘ಸ್’ ಎಂದಷ್ಟೇ ಕೇಳುತ್ತದೆ.

ಅಷ್ಟರಲ್ಲಿ ಹಿರಗನ ಲಿಪಿಯ 46 ಮೂಲ ಅಕ್ಷರಗಳನ್ನು ಕಲಿಯಿರಿ. ಅವುಗಳ ಸಾಲು ಅ-ಇ-ಉ-ಎ-ಒ ಎಂದು ಶುರುವಾಗಿ ಕ, ಸ, ತ, ನ ಎಂದು ಮುಂದುವರಿಯುತ್ತದೆ. ಈ ಜೋಡಣೆಯ ಹಿಂದೆ ಬೌದ್ಧ ಧರ್ಮದ ಜೊತೆ ಜಪಾನಿಗೆ ಹೋದ ಸಂಸ್ಕೃತ ವರ್ಣಮಾಲೆಯ ಅಧ್ಯಯನವಿದೆ. ನಮಗೆ ಅದು ಅಪರಿಚಿತ ಎನಿಸದು.

ವಾಕ್ಯರಚನೆಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ವತಶಿ ವ ಮಿಜು ಒ ನೊಮಿಮಸ್’: ನಾನು ನೀರನ್ನು ಕುಡಿಯುತ್ತೇನೆ. ‘ಒ’ ನಮ್ಮ ‘ಅನ್ನು’ವಿನ ಕೆಲಸ ಮಾಡುತ್ತದೆ, ಕ್ರಿಯಾಪದ ಕೊನೆಗೆ ಬರುತ್ತದೆ. ಲಿಂಗ, ವಚನಗಳಿಗೆ ತಕ್ಕಂತೆ ಕ್ರಿಯಾಪದ ಬದಲಾಗುವುದೂ ಇಲ್ಲ.

ಹಂತ 2: ಹೆಸರಿನ ಹಿಂದೆ ಬರುವವು

‘ಸನ್’ ಗಂಡಸು, ಹೆಂಗಸು, ವಿವಾಹಿತರು, ಅವಿವಾಹಿತರು ಎಲ್ಲರಿಗೂ ಸಲ್ಲುತ್ತದೆ. ಸಾಮಾನ್ಯವಾಗಿ ಅದು ಮನೆತನದ ಹೆಸರಿಗೆ ಸೇರುತ್ತದೆ. ಜಪಾನಿಯಲ್ಲಿ ಆ ಹೆಸರೇ ಮೊದಲು ಬರುತ್ತದೆ. ಅಂಗಡಿಗೂ ‘ಸನ್’ ಉಂಟು: ಪುಸ್ತಕದಂಗಡಿ ‘ಹೊನ್‌ಯಸನ್’. ತನ್ನ ಹೆಸರಿಗೆ ತಾನೇ ಸೇರಿಸಿಕೊಳ್ಳುವುದು ಮಾತ್ರ ಎಂದಿಗೂ ಕೂಡದು.

‘ಸಮ’ ಇನ್ನೂ ಒಂದು ಮೆಟ್ಟಿಲು ಮೇಲೆ. ಗ್ರಾಹಕರು ‘ಒಕ್ಯಕುಸಮ’, ದೇವರು ‘ಕಮಿಸಮ’. ಪತ್ರದ ವಿಳಾಸದಲ್ಲೂ ಇದೇ ನಡೆಯುತ್ತದೆ. ‘ಚನ್’ ಮಕ್ಕಳಿಗೆ, ಆಪ್ತರಿಗೆ. ‘ಕುನ್’ ಸಾಮಾನ್ಯವಾಗಿ ಕಿರಿಯ ಹುಡುಗರಿಗೆ. ಆದರೆ ಜಪಾನಿನ ಸಂಸತ್ತಿನಲ್ಲಿ ಸಭಾಧ್ಯಕ್ಷರು ಸದಸ್ಯರನ್ನು ‘ಕುನ್’ ಸೇರಿಸಿ ಕರೆಯುವುದು ಹಳೆಯ ರೂಢಿ. 1993ರಲ್ಲಿ ಕೆಳಮನೆಯ ಮೊದಲ ಮಹಿಳಾ ಸಭಾಧ್ಯಕ್ಷೆಯಾದ ತಕಕೊ ದೊಯಿ ‘ಸನ್’ ಎಂದು ಕರೆದು ಆ ರೂಢಿ ಮುರಿದರು.

‘ಸೆನ್ಸೇ’ ಶಿಕ್ಷಕರಿಗೆ ಮಾತ್ರವಲ್ಲ. ವೈದ್ಯರಿಗೆ, ವಕೀಲರಿಗೆ, ಶಾಸಕರಿಗೂ ಸಲ್ಲುತ್ತದೆ. ಶಿಕ್ಷಕರು ತಮ್ಮ ವೃತ್ತಿ ಹೇಳಿಕೊಳ್ಳುವಾಗ ‘ಕ್ಯೋಶಿ’ ಎನ್ನುತ್ತಾರೆ. ಕಚೇರಿಯಲ್ಲಿ ಹುದ್ದೆಯೇ ಗೌರವಸೂಚಕ: ‘ನಕಮುರ ಬುಚೋ’ ಎಂದರೆ ವಿಭಾಗದ ಮುಖ್ಯಸ್ಥ ನಕಮುರ ಅವರು. ಇದನ್ನೇ ಹೊರಗಿನವರಿಗೆ ಹೇಳುವಾಗ ‘ಬುಚೋ ನೊ ನಕಮುರ’ ಎಂದು ತಿರುಗಿಸಬೇಕು. ಹುದ್ದೆ ಹೆಸರಿನ ಮುಂದಕ್ಕೆ ಸರಿದಾಗ ಬರಿಯ ಮಾಹಿತಿಯಾಗುತ್ತದೆ, ಗೌರವವಾಗಿ ಉಳಿಯುವುದಿಲ್ಲ.

‘ನೀವು’ ಎನ್ನಲು ಪಠ್ಯಪುಸ್ತಕದಲ್ಲಿ ‘ಅನತ’ ಸಿಗುತ್ತದೆ. ಅದನ್ನು ಹಿರಿಯರ ಮುಂದೆ ಬಳಸಬೇಡಿ. ‘ನಕಮುರಸನ್ ಬರುತ್ತಾರೆಯೇ?’ ಎಂದು ಅವರ ಹೆಸರನ್ನೇ ಹೇಳಿ ಅವರನ್ನೇ ಕೇಳುವುದು ಅಲ್ಲಿನ ಕ್ರಮ. ಅನಿಮೆ (ಜಪಾನಿ ಕಾರ್ಟೂನ್) ನೋಡಿ ಕಲಿತ ‘ಒಮಎ’ ಎಂಬ ಒರಟು ‘ನೀನು’ವನ್ನಂತೂ ಮನೆಯಲ್ಲೇ ಬಿಟ್ಟು ಹೋಗಿ.

ಹಂತ 3: ಸಂಬಂಧಗಳನ್ನು ಜೋಡಿಯಾಗಿ ಕಲಿಯಿರಿ

ಒಂದು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ‘ನಮ್ಮವರು’, ಬಲಕ್ಕೆ ‘ಅವರ ಕಡೆಯವರು’. ನನ್ನ ತಾಯಿ ‘ಹಹ’, ನಿಮ್ಮ ತಾಯಿ ‘ಒಕಾಸನ್’. ನನ್ನ ತಂದೆ ‘ಚಿಚಿ’, ನಿಮ್ಮ ತಂದೆ ‘ಒತೋಸನ್’. (ತಾಯಿ ನಗು, ತಂದೆ ಬೈಗುಳ, ಕನ್ನಡಿಗರು ಇವೆರಡನ್ನು ಮರೆಯುವುದು ಕಷ್ಟ.) ಅಣ್ಣ ‘ಅನಿ’ ಮತ್ತು ‘ಒನೀಸನ್’, ಅಕ್ಕ ‘ಅನೆ’ ಮತ್ತು ‘ಒನೇಸನ್’. ತಮ್ಮ ‘ಒತೋತೊ’, ತಂಗಿ ‘ಇಮೋತೊ’. ಪರರ ತಮ್ಮ, ತಂಗಿಯಾದರೆ ಇವಕ್ಕೆ ‘ಸನ್’ ಸೇರುತ್ತದೆ.

‘ನಮ್ಮ ತಂದೆಯವರು ಬಂದಿದ್ದಾರೆ’ ಎನ್ನುವ ಅಭ್ಯಾಸ ನಮ್ಮದು. ಪರರ ಮುಂದೆಯೂ ತಂದೆಗೆ ಬಹುವಚನ ಬಿಡುವುದಿಲ್ಲ. ಜಪಾನಿಯಲ್ಲಿ ಪರರ ಮುಂದೆ ‘ಚಿಚಿ’ ಎಂದಷ್ಟೇ ಹೇಳಬೇಕು. ಮನೆಯೊಳಗೆ ಕರೆಯುವಾಗ ಮಾತ್ರ ‘ಒತೋಸನ್’, ‘ಒಕಾಸನ್’ ಮರಳಿ ಬರುತ್ತವೆ. ಮನೆಯಲ್ಲಿ ಅಣ್ಣ, ಅಕ್ಕನನ್ನು ಸಂಬಂಧದಿಂದಲೂ ತಮ್ಮ, ತಂಗಿಯನ್ನು ಹೆಸರಿನಿಂದಲೂ ಕರೆಯುವುದು ನಮ್ಮಲ್ಲಿ ಇದ್ದಂತೆಯೇ.

ಪದಗಳ ಮುಂದೆ ಸೇರುವ ‘ಒ’, ‘ಗೊ’ ಕೂಡ ಇದೇ ಪುಟಕ್ಕೆ ಸೇರಲಿ. ನನ್ನ ಹೆಸರು ‘ನಮಎ’, ನಿಮ್ಮದು ‘ಒನಮಎ’. ನನ್ನ ಕುಟುಂಬ ‘ಕಜೊಕು’, ನಿಮ್ಮದು ‘ಗೊಕಜೊಕು’. ಚಹಾ ‘ಒಚ’, ಹಣ ‘ಒಕನೆ’ಯಂಥವುಗಳಲ್ಲಿ ‘ಒ’ ಮಾತಿನ ನಯಕ್ಕಾಗಿ ಅಂಟಿಕೊಂಡೇ ಇರುತ್ತದೆ.

ಹಂತ 4: ಕ್ರಿಯಾಪದಗಳ ಮೂರು ಮುಖ

ಮೊದಲ ಕೆಲವು ತಿಂಗಳು ‘ದೆಸ್’, ‘ಮಸ್’ ಎಂದು ಕೊನೆಯಾಗುವ ರೂಪಗಳೇ ಸಾಕು. ಅಪರಿಚಿತರೊಂದಿಗೂ ಅವು ತಪ್ಪಲ್ಲ. ಆಮೇಲೆ ಬರುವುದು ‘ಕೇಗೊ’, ಅಂದರೆ ಗೌರವದ ನುಡಿ. ಜಪಾನ್ ಸರ್ಕಾರದ ಸಂಸ್ಕೃತಿ ಮಂಡಳಿ 2007ರಲ್ಲಿ ಇದನ್ನು ಐದು ಬಗೆಯಾಗಿ ವಿಂಗಡಿಸಿತು. ಆ ಕೋಷ್ಟಕವನ್ನು ಮೊದಲೇ ಗೋಡೆಗೆ ಅಂಟಿಸಿಕೊಳ್ಳುವುದರಿಂದ ಹೆದರಿಕೆ ಹುಟ್ಟುತ್ತದೆಯೇ ಹೊರತು ಮಾತು ಹುಟ್ಟುವುದಿಲ್ಲ. ಸದ್ಯಕ್ಕೆ ಎರಡು ಸಾಕು: ಎದುರಿನವರ ಕೆಲಸವನ್ನು ಏರಿಸುವ ‘ಸೊನ್ಕೇಗೊ’, ನಮ್ಮ ಕೆಲಸವನ್ನು ತಗ್ಗಿಸುವ ‘ಕೆನ್ಜೋಗೊ’.

ಹಳೆಯ ನಾಟಕ ನೋಡಿದವರಿಗೆ ಇದು ಸುಲಭ. ಸಾಮಾನ್ಯರು ‘ಹೇಳುತ್ತಾರೆ’, ಪ್ರಭುಗಳು ‘ಅಪ್ಪಣೆ ಕೊಡಿಸುತ್ತಾರೆ’, ಸೇವಕ ‘ಬಿನ್ನವಿಸಿಕೊಳ್ಳುತ್ತಾನೆ’. ಜಪಾನಿಯಲ್ಲಿ ಕ್ರಮವಾಗಿ ‘ಈಮಸ್’, ‘ಒಶ್ಶೈಮಸ್’, ‘ಮೋಶಿಮಸ್’. ತಿನ್ನುವುದಕ್ಕೆ ‘ತಬೆಮಸ್’, ‘ಮೆಶಿಅಗರಿಮಸ್’, ‘ಇತದಕಿಮಸ್’; ಊಟಕ್ಕೆ ಮುನ್ನ ಎಲ್ಲರೂ ಹೇಳುವುದು ಈ ಕೊನೆಯದನ್ನೇ. ಹೋಗುವುದು, ಬರುವುದು, ಇರುವುದು ಮೂರಕ್ಕೂ ಏರಿಸುವ ರೂಪ ಒಂದೇ: ‘ಇರಶ್ಶೈಮಸ್’. ಜಪಾನಿನ ಅಂಗಡಿಗೆ ಕಾಲಿಟ್ಟೊಡನೆ ಕೇಳುವ ‘ಇರಶ್ಶೈಮಸೆ’ ನಮ್ಮ ‘ದಯಮಾಡಿಸಿ’ಗೆ ಹತ್ತಿರ.

ಪರಿಚಯಕ್ಕೆ ಇಷ್ಟು ಬಾಯಿಪಾಠ ಮಾಡಿ: ‘ಹಜಿಮೆಮಶಿತೆ. (ನಿಮ್ಮ ಹೆಸರು) ತೊ ಮೋಶಿಮಸ್. ಯೊರೊಶಿಕು ಒನೆಗೈ ಶಿಮಸ್.’ ದಾರಿ ಕೇಳಲು, ಮಾಣಿಯನ್ನು ಕರೆಯಲು, ಕಾಲು ತುಳಿದಾಗ ಕ್ಷಮೆ ಕೇಳಲು, ಮೂರಕ್ಕೂ ‘ಸುಮಿಮಸೆನ್’. ಕೆಲಸ ಮುಗಿಸಿ ಹೊರಡುವಾಗ ಸಹೋದ್ಯೋಗಿಗಳಿಗೆ ‘ಒತ್ಸುಕರೆಸಮ ದೆಸ್’. ಅದೇ ಧಾಟಿಯ ‘ಗೊಕುರೋಸಮ’ ಮೇಲಿನವರು ಕೆಳಗಿನವರಿಗೆ ಹೇಳುವ ಮಾತು, ಅಧಿಕಾರಿಗೆ ಹೇಳಬೇಡಿ.

ಹಂತ 5: ಪರೀಕ್ಷೆ ಬೇಕಿದ್ದರೆ

1984ರಲ್ಲಿ ಶುರುವಾದ ಜಪಾನಿ ಭಾಷಾ ಪ್ರಾವೀಣ್ಯ ಪರೀಕ್ಷೆ, ಅಂದರೆ ಜೆಎಲ್‌ಪಿಟಿ, 2010ರಿಂದ ಐದು ಹಂತಗಳಲ್ಲಿ ನಡೆಯುತ್ತಿದೆ. ಎನ್5 ಕೆಳಗಿನದು, ಎನ್1 ಮೇಲಿನದು. ಜುಲೈ ಮತ್ತು ಡಿಸೆಂಬರ್ ಇದರ ತಿಂಗಳುಗಳು, ಬೆಂಗಳೂರಿನಲ್ಲಿಯೂ ಕೇಂದ್ರವಿದೆ. ಇದರಲ್ಲಿ ಓದುವುದು, ಕೇಳುವುದು ಉಂಟು, ಮಾತನಾಡುವ ಭಾಗವೇ ಇಲ್ಲ. ಆದ್ದರಿಂದ ಕೇಗೊವನ್ನು ಪರೀಕ್ಷೆಯ ಪಾಲಿಗೆ ಬಿಡದೆ ಜೊತೆಗಾರರೊಬ್ಬರನ್ನು ಹುಡುಕಿಕೊಳ್ಳಿ. ಒಬ್ಬರು ಗ್ರಾಹಕ, ಇನ್ನೊಬ್ಬರು ಕಚೇರಿಯವರಾಗಿ ಫೋನ್ ಮಾತನ್ನು ಗಟ್ಟಿಯಾಗಿ ಆಡಿ. ಆಮೇಲೆ ಪಾತ್ರ ಬದಲಿಸಿಕೊಳ್ಳಿ.