ಕರೆಂಟಿಲ್ಲದೆ ದಿಬ್ಬ ಹತ್ತುವ ನೀರು: ರ‍್ಯಾಮ್ ಪಂಪು ಕೂರಿಸುವುದು ಹೇಗೆ?

ಮನೆಗಳು ದಿಬ್ಬದ ಮೇಲೆ, ವರ್ಷವಿಡೀ ಹರಿಯುವ ತೊರೆ ಕೆಳಗೆ. ಎಚ್.ಡಿ. ಕೋಟೆ, ಹುಣಸೂರು ತಾಲ್ಲೂಕುಗಳ ಕಾಡಂಚಿನ ಆದಿವಾಸಿ ಹಾಡಿಯಲ್ಲಿ ಇಂಥ ಜಾಗ ಸಿಕ್ಕಿ, ಕರೆಂಟನ್ನು ನೆಚ್ಚಿಕೊಳ್ಳುವಂತಿಲ್ಲದಿದ್ದರೆ, ಮೊದಲು ಯೋಚಿಸಬೇಕಾದ್ದು ರ‍್ಯಾಮ್ ಪಂಪಿನ ಬಗ್ಗೆ. ಇದಕ್ಕೆ ಮೋಟಾರೂ ಬೇಡ, ಡೀಸೆಲ್ಲೂ ಬೇಡ. ಪೈಪಿನಲ್ಲಿ ರಭಸದಿಂದ ಇಳಿಯುವ ನೀರು ಒಂದು ವಾಲ್ವನ್ನು ತಾನೇ ಒದ್ದು ಮುಚ್ಚುತ್ತದೆ. ಓಟ ಥಟ್ಟನೆ ನಿಂತಾಗ ಏಳುವ ಒತ್ತಡ, ಒಂದಿಷ್ಟು ನೀರನ್ನು ಎರಡನೇ ವಾಲ್ವಿನ ಮೂಲಕ ಮೇಲಕ್ಕೆ ನೂಕುತ್ತದೆ. ಒತ್ತಡ ಇಳಿದೊಡನೆ ಮೊದಲ ವಾಲ್ವು ಮತ್ತೆ ಬಾಯಿ ಬಿಡುತ್ತದೆ. ನಿಮಿಷಕ್ಕೆ 40ರಿಂದ 60 ಬಡಿತ, ಹಗಲೂ ರಾತ್ರಿ. ಬಿಸಿಗಾಳಿ ಬಲೂನು ಹಾರಿಸಿದ ಸೋದರರಲ್ಲಿ ಒಬ್ಬರಾದ ಫ್ರಾನ್ಸಿನ ಜೋಸೆಫ್ ಮಾಂಗಾಲ್ಫಿಯೆ 1796ರಲ್ಲಿ ಇದನ್ನು ರೂಪಿಸಿದರು. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ಹುಟ್ಟಿಸಿದ್ದೂ ಬೀಳುವ ನೀರಿನ ಬಲವೇ. ಇಲ್ಲಿ ಆ ಬಲವನ್ನು ತಂತಿಗೆ ಹತ್ತಿಸದೆ ನೇರವಾಗಿ ನೀರಿಗೇ ಕೊಡುತ್ತೇವೆ.

ಪಂಪು ಗೆಲ್ಲುವುದೋ ಸೋಲುವುದೋ ಎಂಬುದು ಅದನ್ನು ಕೊಳ್ಳುವ ಮುಂಚೆಯೇ, ಅಳತೆಯಲ್ಲಿ ತೀರ್ಮಾನವಾಗಿರುತ್ತದೆ.

ಅಳತೆ: ಅಶ್ವಿನಿ ಮಳೆಗೆ ಮುಂಚೆ

ಮಳೆಗಾಲದಲ್ಲಿ ಎಲ್ಲ ಹಳ್ಳಗಳೂ ತುಂಬಿಯೇ ಕಾಣುತ್ತವೆ. ಆದ್ದರಿಂದ ಏಪ್ರಿಲ್ ಮೊದಲ ವಾರಗಳಲ್ಲಿ, ಅಶ್ವಿನಿ ಮಳೆ ಬೀಳುವ ಮುನ್ನ ಅಳೆಯಿರಿ. ಹರಿವಿಗೆ ಅಡ್ಡಲಾಗಿ ಮಣ್ಣು, ಕಲ್ಲಿನಿಂದ ಸಣ್ಣ ಒಡ್ಡು ಕಟ್ಟಿ, ನೀರೆಲ್ಲ ಒಂದೇ ಪೈಪಿನಿಂದ ಬೀಳುವಂತೆ ಮಾಡಿ. 20 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 10 ಸೆಕೆಂಡಿಗೆ ತುಂಬಿದರೆ ಹರಿವು ನಿಮಿಷಕ್ಕೆ 120 ಲೀಟರ್. ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ. ಇದರಲ್ಲಿ ಅರ್ಧವನ್ನು, ಅಂದರೆ 60 ಲೀಟರನ್ನು ಮಾತ್ರ ಪಂಪಿಗೆ ತಿರುಗಿಸಬೇಕು; ಉಳಿದದ್ದು ದನಕರುಗಳಿಗೆ, ಕಾಡುಪ್ರಾಣಿಗಳಿಗೆ.

ಇನ್ನೆರಡು ಎತ್ತರಗಳು ಬೇಕು: ಒಡ್ಡಿನ ನೀರಿನ ಮಟ್ಟದಿಂದ ಪಂಪಿಗೆ ಎಷ್ಟು ಇಳುವು, ಪಂಪಿನಿಂದ ಮೇಲಿನ ಟ್ಯಾಂಕಿಗೆ ಎಷ್ಟು ಏರು. ಮೊಬೈಲ್ ತೋರಿಸುವ ಎತ್ತರವನ್ನು ನಂಬಬೇಡಿ, ಹತ್ತಾರು ಅಡಿ ವ್ಯತ್ಯಾಸ ಬರಬಹುದು. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ, ನೀರು ತುಂಬಿದ ಪಾರದರ್ಶಕ ಟ್ಯೂಬೇ ಸಾಕು.

ಲೆಕ್ಕ ಸುಲಭ. ಪಂಪಿಗೆ ಬರುವ ನೀರನ್ನು ಇಳುವಿನಿಂದ ಗುಣಿಸಿ, 0.6ರಿಂದ (ಪಂಪಿನ ದಕ್ಷತೆ) ಗುಣಿಸಿ, ಏರಿನಿಂದ ಭಾಗಿಸಿ. 60 ಲೀಟರ್, 3 ಮೀಟರ್ ಇಳುವು, 30 ಮೀಟರ್ ಏರು ಇದ್ದರೆ ನಿಮಿಷಕ್ಕೆ 3.6 ಲೀಟರ್. ನೋಡಲು ಏನೂ ಅಲ್ಲ ಅನಿಸುತ್ತದೆ. ಆದರೆ ಪಂಪು ಮಲಗುವುದಿಲ್ಲವಲ್ಲ, 24 ಗಂಟೆಗೆ 5,184 ಲೀಟರ್ ಆಗುತ್ತದೆ. ಜಲಜೀವನ್ ಮಿಷನ್ನಿನ ಲೆಕ್ಕದಂತೆ ದಿನಕ್ಕೆ ತಲೆಗೆ 55 ಲೀಟರ್ ಹಿಡಿದರೆ ಸುಮಾರು 94 ಜನಕ್ಕೆ ಸಾಕು. ನಿಮಿಷಕ್ಕೆ ಉಳಿಯುವ 56 ಲೀಟರ್ ಚಿಲ್ಲರೆ ಪಂಪಿನ ಬುಡದಿಂದಲೇ ಮತ್ತೆ ತೊರೆ ಸೇರುತ್ತದೆ.

ಬೇಸಿಗೆಯಲ್ಲಿ ಹಳ್ಳ ಬತ್ತುವ ನಾಗಮಂಗಲದಂಥ ಒಣಸೀಮೆಗೆ ಇದು ಹೊಂದುವುದಿಲ್ಲ, ನಿಂತ ಕೆರೆಯ ನೀರಿನಲ್ಲೂ ನಡೆಯದು. ಮಂಡ್ಯದ ನಾಲೆಗಳಲ್ಲಿ ಒಳ್ಳೆಯ ಇಳುವು ಸಿಗುವ ಜಾಗಗಳಿದ್ದರೂ, ನಾಲೆಗೆ ನೀರು ಬಿಡುವುದು ಸರದಿಯಲ್ಲಿ. ಜೊತೆಗೆ ಗದ್ದೆಯ ಗೊಬ್ಬರ, ಕೀಟನಾಶಕ ಬಸಿದು ಸೇರಿರುತ್ತವೆ. ಮರಳು ಫಿಲ್ಟರು ಅದನ್ನು ತೆಗೆಯಲಾರದು. ಕುಡಿಯಲು ಆ ನೀರು ಬೇಡ.

ಸಾಮಾನು ಮತ್ತು ಜೋಡಣೆ

ಮೇಲಿನ ಲೆಕ್ಕಕ್ಕೆ 2 ಇಂಚಿನ ಪಂಪು ಸಾಕು. ಸಿದ್ಧ ಪಂಪು ಸಿಗದಿದ್ದರೆ ಪ್ಲಂಬರ್ ಕೈಯಲ್ಲೇ ಮಾಡಿಸಬಹುದು. ಬೇಕಾದ್ದು: 2 ಇಂಚಿನ ಜಿಐ (ಸತು ಲೇಪಿಸಿದ ಕಬ್ಬಿಣ) ಟೀ, ಅಂದರೆ ಮೂರು ಬಾಯಿಯ ಜೋಡು, ಎರಡು, ನೀರನ್ನು ಒಂದೇ ದಿಕ್ಕಿಗೆ ಬಿಡುವ, ಹಿತ್ತಾಳೆಯ ಬಾಗಿಲು ಮಾದರಿಯ ಎನ್‌ಆರ್‌ವಿ ಒಂದು, ಸ್ಪ್ರಿಂಗ್ ಎನ್‌ಆರ್‌ವಿ ಒಂದು, ಗಾಳಿ ಸಿಲಿಂಡರಿಗೆ ಮೇಲೆ ಕ್ಯಾಪ್ ಹಾಕಿದ 4 ಇಂಚಿನ, 60 ಸೆಂ.ಮೀ. ಜಿಐ ಪೈಪು, ರೆಡ್ಯೂಸರ್, ನಿಪ್ಪಲ್, ಎರಡು ಗೇಟ್ ವಾಲ್ವ್.

ಮೊದಲ ಟೀ ಮೇಲೆ ಬಾಗಿಲು ಮಾದರಿಯ ಎನ್‌ಆರ್‌ವಿಯನ್ನು ನೆಟ್ಟಗೆ ನಿಲ್ಲಿಸಬೇಕು, ಬಾಣದ ಗುರುತು ಕೆಳಮುಖವಾಗಿ. ಇದೇ ಬಡಿಯುವ ವಾಲ್ವು. ಅಭ್ಯಾಸಬಲದಿಂದ ಬಾಣ ಮೇಲ್ಮುಖವಾಗಿ ಕೂರಿಸಿಬಿಟ್ಟರೆ ನೀರು ಸುಮ್ಮನೆ ಹರಿದುಹೋಗುತ್ತದೆ, ಬಡಿತ ಹುಟ್ಟುವುದೇ ಇಲ್ಲ. ಅದರಾಚೆಗೆ ಸ್ಪ್ರಿಂಗ್ ಎನ್‌ಆರ್‌ವಿ, ಆಮೇಲೆ ಎರಡನೇ ಟೀ. ಈ ಟೀ ಮೇಲೆ ಗಾಳಿ ಸಿಲಿಂಡರು, ಪಕ್ಕದಿಂದ ಏರು ಪೈಪು.

ಸ್ಪ್ರಿಂಗ್ ಎನ್‌ಆರ್‌ವಿಗೆ ಸ್ವಲ್ಪ ಹಿಂದೆ, ನಿಪ್ಪಲ್ಲಿನಲ್ಲಿ 1ರಿಂದ 1.5 ಮಿ.ಮೀ. ತೂತು ಕೊರೆಯಿರಿ. ಪ್ರತಿ ಬಡಿತಕ್ಕೂ ಇದರಿಂದ ನೀರು ಚಿಮ್ಮುವುದನ್ನು ಕಂಡು ಸೋರಿಕೆಯೆಂದು ಎಂಸೀಲ್ ಹಚ್ಚಿ ಮುಚ್ಚುವವರುಂಟು. ಮುಚ್ಚಲೇಬಾರದು. ಸಿಲಿಂಡರಿನ ಗಾಳಿ ನೀರಿನಲ್ಲಿ ಕರಗಿ ಕಡಿಮೆಯಾಗುತ್ತಾ ಹೋಗುತ್ತದೆ. ಬಡಿತದ ಕೊನೆಯಲ್ಲಿ ಈ ತೂತು ಹೀರುವ ಗಾಳಿಯೇ ಆ ಕೊರತೆ ತುಂಬುವುದು. ಮುಚ್ಚಿದರೆ ಸಿಲಿಂಡರಿನ ತುಂಬ ನೀರಾಗಿ, ಪಂಪು ಸುತ್ತಿಗೆಯಲ್ಲಿ ಹೊಡೆದಂತೆ ಸದ್ದು ಮಾಡುತ್ತದೆ, ಕೊನೆಗೆ ಯಾವುದಾದರೂ ಜೋಡು ಒಡೆಯುತ್ತದೆ. ಪಂಪು ನೀರಿನಲ್ಲಿ ಮುಳುಗಬಾರದು ಎನ್ನುವುದೂ ಇದೇ ಕಾರಣಕ್ಕೆ.

ಇಳಿ ಪೈಪಿನ ಉದ್ದ ಇಳುವಿನ 4ರಿಂದ 6 ಪಟ್ಟಿರಲಿ. 3 ಮೀಟರ್ ಇಳುವಿಗೆ 6 ಮೀಟರಿನ ಮೂರು ಜಿಐ ಪೈಪು ಸರಿಹೋಗುತ್ತವೆ. ಪಿವಿಸಿ ಅಗ್ಗವೆಂದು ಆಸೆಪಡಬೇಡಿ: ಅದು ಹಿಗ್ಗಿ ಹೊಡೆತವನ್ನು ನುಂಗಿಬಿಡುತ್ತದೆ, ಎತ್ತುವ ನೀರು ಕಡಿಮೆಯಾಗುತ್ತದೆ. ಪೈಪು ಒಂದೇ ಸಮನೆ ಇಳಿಯಬೇಕು. ನಡುವೆ ಗೂನು ಬಂದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಕನಿಷ್ಠ ಒಂದು ಅಡಿ ಕೆಳಗಿರಲಿ, ಜಾಲರಿ ಇರಲಿ. ಪಂಪನ್ನು ಕಾಂಕ್ರೀಟ್ ಕಟ್ಟೆಗೆ ಬೋಲ್ಟ್ ಹಾಕಿ ಬಿಗಿಯಿರಿ. ಏರು ಪೈಪಿಗೆ 32 ಮಿ.ಮೀ., 6 ಕೆ.ಜಿ. ಒತ್ತಡದ ಎಚ್‌ಡಿಪಿಇ ಸಾಕು. ಹಂದಿ, ಆನೆ ಓಡಾಡುವ ಕಡೆ ಎರಡಡಿ ಆಳದಲ್ಲಿ ಹೂಳಿ.

ಜಾಗ ಅರಣ್ಯ ಭೂಮಿಯಾದರೆ ಗುದ್ದಲಿ ಹಾಕುವ ಮುನ್ನ ಅನುಮತಿ ಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(2), ಸರ್ಕಾರ ನಿರ್ವಹಿಸುವ ಕುಡಿಯುವ ನೀರಿನ ಕಾಮಗಾರಿ ಮತ್ತು ಪೈಪ್‌ಲೈನಿಗೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ ಬಳಸಲು ದಾರಿ ಮಾಡಿಕೊಡುತ್ತದೆ. ಅದಕ್ಕೆ ಗ್ರಾಮಸಭೆಯ ಶಿಫಾರಸು ಅಗತ್ಯ. ಆದ್ದರಿಂದ ಪಂಚಾಯಿತಿ ಮೂಲಕವೇ ಹೋಗಿ.

ಚಾಲೂ ಮಾಡುವುದು

ಏರು ಪೈಪಿನ ಗೇಟ್ ವಾಲ್ವ್ ಮುಚ್ಚಿ, ಇಳಿ ಪೈಪಿನದ್ದನ್ನು ತೆರೆಯಿರಿ. ಬಡಿಯುವ ವಾಲ್ವು ಒಮ್ಮೆ ಬಡಿದು ಮುಚ್ಚಿಕೊಳ್ಳುತ್ತದೆ. ಕೋಲಿನಿಂದ ಒತ್ತಿ ತೆರೆಯಿರಿ, ಮತ್ತೆ ಒತ್ತಿ. ಇಪ್ಪತ್ತು ಮೂವತ್ತು ಸಲ ಒತ್ತುವಷ್ಟರಲ್ಲಿ ಆಚೆ ಬದಿ ಒತ್ತಡ ಕೂಡಿ, ತಾನೇ ಬಡಿಯತೊಡಗುತ್ತದೆ. ಆಮೇಲೆ ಏರು ಪೈಪಿನ ವಾಲ್ವನ್ನು ನಿಧಾನವಾಗಿ ಬಿಡಿ. ಒಮ್ಮೆಲೇ ಬಿಟ್ಟರೆ ಒತ್ತಡ ಕುಸಿದು ಬಡಿತ ನಿಲ್ಲುತ್ತದೆ.

ನಡೆಯುತ್ತಿದ್ದ ಪಂಪು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಕಸವೋ ಕಲ್ಲೋ ಸಿಕ್ಕಿರಬಹುದು, ಅಥವಾ ಸ್ಪ್ರಿಂಗ್ ಎನ್‌ಆರ್‌ವಿ ಸೋರುತ್ತಿರಬಹುದು. ಬಾಯಿ ಬಿಟ್ಟುಕೊಂಡು ನೀರು ಸುರಿಸುತ್ತಿದ್ದರೆ ಹರಿವು ಸಾಲದು; ಜಾಲರಿಗೆ ಎಲೆ ಕಟ್ಟಿದೆಯೇ ನೋಡಿ.

ಮೇಲೆ ಬಂದದ್ದು ಇನ್ನೂ ಕುಡಿಯುವ ನೀರಲ್ಲ

ಪಂಪು ಬಡಿಯಲು ಶುರುವಾದ ಖುಷಿಯಲ್ಲಿ ಎಷ್ಟೋ ಕಡೆ ಕೆಲಸ ಇಲ್ಲಿಗೇ ನಿಲ್ಲುತ್ತದೆ. ತೊರೆಯ ನೀರು ತಿಳಿಯಾಗಿ ಕಂಡರೂ ಅದರಲ್ಲಿ ದನ, ಜಿಂಕೆಗಳ ಸಗಣಿ, ಹಿಕ್ಕೆಯ ರೋಗಾಣು ಇರುತ್ತದೆ. ಮಕ್ಕಳ ವಾಂತಿಭೇದಿಗೆ ಅಷ್ಟೇ ಸಾಕು. ಟ್ಯಾಂಕಿಗೆ ಮೊದಲು ಮರಳು ಫಿಲ್ಟರು ಕಟ್ಟಲೇಬೇಕು.

4 ಅಡಿ ಅಗಲ, 1 ಅಡಿ ಎತ್ತರದ ಸಿಮೆಂಟ್ ರಿಂಗ್ ಆರನ್ನು ಒಂದರ ಮೇಲೊಂದು ಕೂರಿಸಿದರೆ ಒಂದು ಫಿಲ್ಟರು. ಇಂಥವು ಎರಡು ಬೇಕು, ಒಂದನ್ನು ತೊಳೆಯುವಾಗ ಇನ್ನೊಂದು ನಡೆಯಲು. ತಳದಲ್ಲಿ 20 ಮಿ.ಮೀ. ಜಲ್ಲಿ, ಮೇಲೆ ಸಣ್ಣ ಜಲ್ಲಿ, ದಪ್ಪ ಮರಳು, ಎಲ್ಲ ಸೇರಿ ಒಂದು ಅಡಿ. ಅದರ ಮೇಲೆ 1 ಮಿ.ಮೀ. ಜರಡಿ ಹಿಡಿದ ಸಣ್ಣ ಮರಳು 85 ಸೆಂ.ಮೀ. ಎಂ-ಸ್ಯಾಂಡ್ ಆದರೆ ತೊಳೆದ ನೀರು ತಿಳಿಯಾಗುವವರೆಗೂ ತೊಳೆಯಿರಿ, ಅದರ ಪುಡಿ ಫಿಲ್ಟರನ್ನು ಕಟ್ಟಿಹಾಕುತ್ತದೆ. ಹೊರಹೋಗುವ ಪೈಪನ್ನು ಮರಳಿನ ಮಟ್ಟಕ್ಕಿಂತ ಮೇಲಕ್ಕೆತ್ತಿ ತಿರುಗಿಸಿದರೆ ಮರಳು ಎಂದೂ ಒಣಗುವುದಿಲ್ಲ. ಒಣಗಬಾರದು: ರೋಗಾಣುಗಳನ್ನು ತಡೆಯುವುದು ಮರಳಿನ ಮೇಲ್ಪದರದಲ್ಲಿ ಬೆಳೆಯುವ ಜೀವಂತ ಪೊರೆ. ಅದು ಕಟ್ಟಲು ಎರಡು ಮೂರು ವಾರ ಬೇಕು, ಅಲ್ಲಿಯವರೆಗೆ ನೀರು ಕುದಿಸಿಯೇ ಕುಡಿಯಬೇಕು. ಹರಿವು ತೀರಾ ಕಡಿಮೆಯಾದಾಗ ಮೇಲಿನ 1–2 ಸೆಂ.ಮೀ. ಮರಳನ್ನು ಮಾತ್ರ ಕೆರೆದು ತೆಗೆಯಿರಿ.

ಆಮೇಲೆ ಬ್ಲೀಚಿಂಗ್ ಪೌಡರ್. 1,000 ಲೀಟರಿಗೆ 2.5 ಗ್ರಾಂನಿಂದ ಶುರುಮಾಡಿ, ಅರ್ಧ ಗಂಟೆಯ ನಂತರ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ ಕ್ಲೋರಿನ್ ಉಳಿಯುವಷ್ಟಕ್ಕೆ ಹೊಂದಿಸಿ. ಗಾಳಿಯಾಡಿದ ಹಳೆಯ ಪೌಡರಿನಲ್ಲಿ ಸತ್ವವಿರುವುದಿಲ್ಲ. ಜಲಜೀವನ್ ಮಿಷನ್ನಿನಲ್ಲಿ ಊರಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡುವ ವ್ಯವಸ್ಥೆಯಿದೆ. ಅವರಿಂದಲೇ ಪರೀಕ್ಷೆ ಮಾಡಿಸಿ. ರೋಗಾಣು ಪತ್ತೆಯ ಎಚ್2ಎಸ್ ಬಾಟಲಿಯ ನೀರು ಒಂದೆರಡು ದಿನದಲ್ಲಿ ಕಪ್ಪಾದರೆ ಮಲಿನವಾಗಿದೆಯೆಂದೇ ಅರ್ಥ.

ನೀರುಗಂಟಿಯ ಕೈಯಲ್ಲಿ ವಾಲ್ವಿನ ರಬ್ಬರ್ ಎರಡು ಜೊತೆ, ಸ್ಪ್ಯಾನರು, ತೂತು ಬಿಡಿಸಲು ಸಣ್ಣ ತಂತಿ ಸದಾ ಇರಲಿ. ಹೊಸ ಮಳೆಗೆ ತೊರೆ ಕೆಂಪಾದಾಗ ಪಂಪು ನಿಲ್ಲಿಸಿ, 5,000 ಲೀಟರಿನ ಟ್ಯಾಂಕಿನಲ್ಲಿ ಇದ್ದುದರಲ್ಲೇ ದಿನ ತಳ್ಳಬೇಕು. ಆ ಕೆನ್ನೀರನ್ನು ಒಂದು ರಾತ್ರಿ ಬಿಟ್ಟುಕೊಂಡರೂ ಎರಡು ಫಿಲ್ಟರೂ ಕಟ್ಟಿಹೋಗುತ್ತವೆ.