ಡೊಂಬಿವಲಿಯ ಅಡುಗೆಮನೆಯಲ್ಲಿ ಬಿ.ಕಾಂ.

ಕುಂದಾಪುರದಲ್ಲಿ ಪಿಯುಸಿ ಮುಗಿಸಿ ಹದಿನಾಲ್ಕು ವರ್ಷಗಳಾದ ಮೇಲೆ, 2013ರಲ್ಲಿ, ನಾನು ಮುಂಬಯಿ ವಿಶ್ವವಿದ್ಯಾಲಯದ ದೂರಶಿಕ್ಷಣ ಸಂಸ್ಥೆಯಲ್ಲಿ (ಇಲ್ಲಿ ಎಲ್ಲರ ಬಾಯಲ್ಲೂ ಆಗ ಅದು ‘ಐಡಾಲ್’) ಬಿ.ಕಾಂ.ಗೆ ಸೇರಿದೆ. ಆಗ ಮಗಳು ಮೂರನೆಯ ತರಗತಿಯಲ್ಲಿದ್ದಳು, ಮಗನಿಗೆ ನಾಲ್ಕು ವರ್ಷ. ಹೋಟೆಲಿನ ಗಲ್ಲಾದಲ್ಲಿ ಕೂರುವ ಪತಿ ಮನೆಗೆ ಬರುವಾಗ ನಡುರಾತ್ರಿಯಾಗುತ್ತಿತ್ತು. ನಾನು ದಕ್ಷಿಣ ಮುಂಬಯಿಯ ಫೋರ್ಟ್ ಪ್ರದೇಶದ ಕಚೇರಿಯೊಂದರಲ್ಲಿ ಬಿಲ್ಲುಗಳ ಲೆಕ್ಕ ಬರೆಯುತ್ತಿದ್ದೆ. ನಾನೇ ಕೆಲಸ ಕಲಿಸಿಕೊಟ್ಟ ಹುಡುಗಿಯರು ಪದವಿಯ ಬಲದಿಂದ ನನಗಿಂತ ಮೇಲಿನ ಹುದ್ದೆಗೆ ಹೋಗುವುದನ್ನು ಮೂರು ಬಾರಿ ನೋಡಿದ ಮೇಲೆ ಈ ನಿರ್ಧಾರ ಗಟ್ಟಿಯಾಯಿತು.

ಓದಿಗಿಂತ ಮೊದಲು ಕಾಗದಪತ್ರಗಳೇ ಕಾಡಿದವು. ಬೇರೆ ರಾಜ್ಯದ ಮಂಡಳಿಯಿಂದ ಬಂದವರು ಅಂಕಪಟ್ಟಿಯ ಜೊತೆಗೆ ವಲಸೆ ಪ್ರಮಾಣಪತ್ರವನ್ನೂ (ಮೈಗ್ರೇಶನ್ ಸರ್ಟಿಫಿಕೇಟ್) ಕೊಡಬೇಕಾಗುತ್ತದೆ, ಅದಕ್ಕಾಗಿ ರಜೆ ಹಾಕಿ ಊರಿಗೆ ಹೋಗಿ ಬಂದೆ. ಇನ್ನೊಂದು ತೊಡಕು ಹೆಸರಿನದು. ನನ್ನ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ತಂದೆಯ ಒಂದಕ್ಷರ ಮಾತ್ರವಿದೆ. ಮಹಾರಾಷ್ಟ್ರದ ಅರ್ಜಿಯಲ್ಲಾದರೋ ಮೊದಲು ಅಡ್ಡಹೆಸರು, ಅನಂತರ ಸ್ವಂತ ಹೆಸರು, ಆಮೇಲೆ ತಂದೆ ಅಥವಾ ಗಂಡನ ಹೆಸರು. ಆಧಾರ್ ಕಾರ್ಡಿನಲ್ಲಿ ಮದುವೆಯ ನಂತರದ ಹೆಸರಿತ್ತು. ಮೂರು ದಾಖಲೆಗಳಲ್ಲಿ ಮೂವರು ಬೇರೆ ಬೇರೆ ಹೆಂಗಸರಿದ್ದಂತೆ ಕಾಣುತ್ತಿದ್ದುದರಿಂದ, ವಿವಾಹ ನೋಂದಣಿ ಪತ್ರವನ್ನೂ ಅಫಿಡವಿಟ್ಟನ್ನೂ ಜೊತೆಗಿಟ್ಟು ಅರ್ಜಿ ಸಲ್ಲಿಸಿದೆ.

ಮೊದಲ ವರ್ಷ ನಾನು ಕದ್ದು ಓದಿದೆನೆಂದೇ ಹೇಳಬೇಕು. ಮನೆಯವರಿಗೆ ಭಾರವಾಗಬಾರದೆಂದು ಕುಕ್ಕರಿನ ಸೀಟಿಗಳ ನಡುವೆ, ಮಕ್ಕಳು ನಿದ್ದೆಹೋದ ಮೇಲೆ, ಬಟ್ಟೆ ಮಡಚುತ್ತಾ ಪುಸ್ತಕ ತೆರೆಯುತ್ತಿದ್ದೆ. ಆ ರೀತಿಯ ಓದು ವಾಣಿಜ್ಯಶಾಸ್ತ್ರಕ್ಕೆ ಹೇಗೋ ಸಾಕಾಯಿತು, ಗಣಿತ ಮತ್ತು ಸಂಖ್ಯಾಶಾಸ್ತ್ರಕ್ಕೆ ಸಾಲಲಿಲ್ಲ. ನೂರಕ್ಕೆ 27 ಅಂಕಗಳು ಬಂದವು. ಎಟಿಕೆಟಿ (ನಪಾಸಾದ ವಿಷಯವನ್ನು ಬಾಕಿ ಉಳಿಸಿಕೊಂಡೇ ಮುಂದಿನ ವರ್ಷಕ್ಕೆ ಹೋಗುವ ಅವಕಾಶ) ಇದ್ದುದರಿಂದ ಎರಡನೆಯ ವರ್ಷಕ್ಕೆ ಹೋಗಲು ಅಡ್ಡಿಯಿರಲಿಲ್ಲ, ಆದರೆ ಆ ಸಂಜೆ ನಾನು ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಅವನ್ನು ಕೆಳಗಿಳಿಸಿದವರು ಅತ್ತೆ. “ಕದ್ದು ಓದಿದರೆ ಓದೂ ಅರ್ಧ, ಅಡುಗೆಯೂ ಅರ್ಧ. ನಿನಗೆ ಎಷ್ಟು ಹೊತ್ತು ಬೇಕು ಅಂತ ಬಾಯಿಬಿಟ್ಟು ಹೇಳು ಮಾರಾಯ್ತಿ” ಎಂದರು.

ಮುಂದಿನ ರವಿವಾರ ಎಲ್ಲರನ್ನೂ ಕೂರಿಸಿಕೊಂಡು ಕೇಳಿದೆ: ಬೆಳಗ್ಗೆ ನಾಲ್ಕೂವರೆಯಿಂದ ಆರರವರೆಗೆ ಅಡುಗೆಮನೆಯ ಮೇಜು ನನ್ನದು, ಆ ಹೊತ್ತಿನಲ್ಲಿ ನೀರು ತುಂಬಿಸುವ ಕೆಲಸ ನನ್ನದಲ್ಲ. ವಿಶ್ವವಿದ್ಯಾಲಯದ ಕಲೀನಾ ಆವರಣದಲ್ಲಿ ಸಂಪರ್ಕ ತರಗತಿಗಳಿರುವ ರವಿವಾರಗಳಂದು ಮಕ್ಕಳ ಹೊಣೆ ಪತಿಯದು, ಅದಕ್ಕೆ ಅವರು ಹೋಟೆಲಿನಲ್ಲಿ ವಾರದ ರಜೆಯನ್ನು ಬದಲಿಸಿಕೊಳ್ಳಬೇಕು. ಇಷ್ಟನ್ನು ಕೇಳಲು ನನಗೆ ಒಂದು ವರ್ಷ ಬೇಕಾಯಿತು. ಒಪ್ಪಲು ಅವರಿಗೆ ಹತ್ತು ನಿಮಿಷವೂ ಬೇಕಾಗಲಿಲ್ಲ.

ಯಾವ ವಿಷಯವನ್ನು ಎಲ್ಲಿ ಓದಬೇಕೆಂಬುದೂ ಆಮೇಲೆ ತಿಳಿಯಿತು. ಕಲ್ಯಾಣದ ಕಡೆಯಿಂದ ತುಂಬಿಕೊಂಡು ಬರುವ ಗಾಡಿಯನ್ನು ಬಿಟ್ಟು ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದರೆ ಕೂರಲು ಜಾಗ ಸಿಗುತ್ತದೆ, ಫೋರ್ತ್ ಸೀಟಿನ (ಮೂವರ ಬೆಂಚಿನಲ್ಲಿ ನಾಲ್ಕನೆಯವರಾಗಿ ಕೂರುವ ಜಾಗ) ಅಂಚಿನಲ್ಲಿ ಕುಳಿತಾದರೂ ಕೊನೆಯ ನಿಲ್ದಾಣವಾದ ಸಿಎಸ್‌ಟಿ (ಈಗ ಸಿಎಸ್‌ಎಂಟಿ) ತಲಪುವುದರೊಳಗೆ ಅರ್ಥಶಾಸ್ತ್ರದ ಒಂದು ಪಾಠ ಮುಗಿಯುತ್ತದೆ. ಅಕೌಂಟ್ಸ್ ಮಾತ್ರ ರೈಲಿನಲ್ಲಿ ಸಾಧ್ಯವೇ ಇಲ್ಲ. ಖರ್ಚು ಮತ್ತು ಜಮೆಯ ಎರಡು ಬದಿಗಳನ್ನು ಗೆರೆ ಎಳೆದು ಬರೆಯದೆ, ಬರಿಯ ಕಣ್ಣಿನಿಂದ ಓದಿ ಆ ವಿದ್ಯೆ ಕೈಗೆ ಹತ್ತುವುದಿಲ್ಲ. ಆದ್ದರಿಂದ ಅದಕ್ಕೂ ಗಣಿತಕ್ಕೂ ಬೆಳಗಿನ ಮೇಜು.

ಗಣಿತ ಒಲಿದದ್ದು ನಮ್ಮದೇ ಮನೆಸಾಲದ ಮೂಲಕ. ಆನ್ಯುಯಿಟಿಯ (ಸಮ ಕಂತುಗಳಲ್ಲಿ ಹಣ ಕಟ್ಟುವ ಲೆಕ್ಕ) ಸೂತ್ರ ಎಷ್ಟು ಉರು ಹೊಡೆದರೂ ನಿಲ್ಲುತ್ತಿರಲಿಲ್ಲ. ಒಂದು ಬೆಳಗ್ಗೆ ಬ್ಯಾಂಕಿನ ಹೇಳಿಕೆಯನ್ನು ಪಕ್ಕದಲ್ಲಿಟ್ಟುಕೊಂಡು ಲೆಕ್ಕ ಹಾಕಿದೆ: ಹತ್ತು ಲಕ್ಷ ರೂಪಾಯಿ, ವರ್ಷಕ್ಕೆ ಶೇಕಡಾ 10 ಬಡ್ಡಿ, ಇಪ್ಪತ್ತು ವರ್ಷ. ಮಾಸಿಕ ಕಂತು ಸುಮಾರು 9,650 ರೂಪಾಯಿ ಬಂತು. ಮೊದಲ ತಿಂಗಳ ಬಡ್ಡಿಯೇ 8,333 ರೂಪಾಯಿ, ಅಸಲಿಗೆ ಹೋದದ್ದು 1,317 ಮಾತ್ರ. ಇಷ್ಟು ಕಟ್ಟಿದರೂ ಸಾಲ ಏಕೆ ಕರಗುತ್ತಿಲ್ಲವೆಂದು ನಾವಿಬ್ಬರೂ ಪರಸ್ಪರ ಕೇಳಿಕೊಳ್ಳುತ್ತಿದ್ದ ಪ್ರಶ್ನೆಗೆ ಉತ್ತರ ನನ್ನ ನೋಟುಪುಸ್ತಕದಲ್ಲಿತ್ತು. ಪತಿಯನ್ನು ಎಬ್ಬಿಸಿ ತೋರಿಸಿದೆ. ಆ ವರ್ಷದ ದೀಪಾವಳಿ ಬೋನಸ್ಸನ್ನು ನಾವು ನೇರವಾಗಿ ಅಸಲಿಗೆ ಕಟ್ಟಿದೆವು, ಗಣಿತದ ಪತ್ರಿಕೆಯಲ್ಲಿ 58 ಅಂಕಗಳೊಂದಿಗೆ ತೇರ್ಗಡೆಯಾದೆ.

ಪದವಿ ಕೈಗೆ ಬಂದದ್ದು 2016ರಲ್ಲಿ. ಈಗ ನಮ್ಮ ಕಟ್ಟಡದ ಇಬ್ಬರು ಕನ್ನಡದ ಹೆಂಗಸರು ಸೇರಲು ಹೊರಟಿದ್ದಾರೆ. ಕಳೆದ ವಾರ ಇಬ್ಬರನ್ನೂ ಮನೆಗೆ ಕರೆದು, ಪುಸ್ತಕದ ಮಾತು ಎತ್ತುವ ಮೊದಲು, ಅಂಕಪಟ್ಟಿ ಮತ್ತು ಆಧಾರ್ ಕಾರ್ಡನ್ನು ಮೇಜಿನ ಮೇಲೆ ಅಕ್ಕಪಕ್ಕ ಇಡಿಸಿ ಹೆಸರುಗಳನ್ನು ಅಕ್ಷರಕ್ಷರವಾಗಿ ಹೋಲಿಸಿ ನೋಡಿದೆವು. ಒಬ್ಬರದು ಹೊಂದುತ್ತದೆ. ಇನ್ನೊಬ್ಬರು ಮುಂದಿನ ತಿಂಗಳು ಊರಿಗೆ ಹೋಗಬೇಕಾಗಿದೆ.