ನೆಟ್ ಬರುತ್ತದೆ, ಕೆಳಗಿನ ಕಂಪ್ಯೂಟರ್ ಮಾತ್ರ ಕಾಣುವುದಿಲ್ಲ

ಮೈಸೂರಿನ ನಮ್ಮ ಮನೆ ಎರಡಂತಸ್ತಿನದು. ಕೆಳಗೆ ಹಾಲ್‌ನಲ್ಲಿ ಡೆಸ್ಕ್‌ಟಾಪ್ ಇದೆ. ಅಪ್ಪ ಸ್ಕ್ಯಾನ್ ಮಾಡಿಟ್ಟ ಪಹಣಿ, ಮನೆಯವರ ಫೋಟೋ ಎಲ್ಲಾ ಅದರಲ್ಲೇ. ಮೇಲಿನ ಕೋಣೆಯಲ್ಲಿ ತಂಗಿಯ ಲ್ಯಾಪ್‌ಟಾಪ್. ಎರಡರಲ್ಲೂ ವಿಂಡೋಸ್ 11. ಏನಾದರೂ ಬೇಕಾದರೆ ಪೆನ್‌ಡ್ರೈವ್ ಹಿಡಿದು ಮೆಟ್ಟಿಲು ಹತ್ತಿ ಇಳಿಯುತ್ತಿದ್ದೆವು. ಫೋಲ್ಡರ್ ಶೇರ್ ಮಾಡೋಣ ಅಂತ ಹೊರಟಾಗ ತಂಗಿ ಹೇಳಿದಳು: "ಅಣ್ಣಾ, ನೆಟ್ ಚೆನ್ನಾಗೇ ಬರ್ತಿದೆ. ಕೆಳಗಿನ ಕಂಪ್ಯೂಟರ್ ಮಾತ್ರ ಕಾಣಿಸ್ತಾನೇ ಇಲ್ಲ."

ಇಂಥ ಹೊತ್ತಿನಲ್ಲಿ ಎಲ್ಲರೂ ಫೈಲ್ ಎಕ್ಸ್‌ಪ್ಲೋರರ್‌ನ ‘ನೆಟ್‌ವರ್ಕ್’ ಪಟ್ಟಿಯನ್ನೇ ಮತ್ತೆ ಮತ್ತೆ ರಿಫ್ರೆಶ್ ಮಾಡುತ್ತಾರೆ. ನಾನು ಆ ಪಟ್ಟಿಯನ್ನು ಕೊನೆಗೆ ನೋಡುತ್ತೇನೆ. ಹೆಸರು ಕಾಣುವುದು ಒಂದು, ಆ ಕಂಪ್ಯೂಟರನ್ನು ತಲುಪುವುದು ಇನ್ನೊಂದು, ಅದು ನಮ್ಮನ್ನು ಒಳಗೆ ಬಿಡುವುದು ಮತ್ತೊಂದು. ಮೂರಕ್ಕೂ ಕಾರಣಗಳು ಬೇರೆ ಬೇರೆ. ಬೆರೆಸಿಕೊಂಡರೆ ಇಡೀ ದಿನ ಹೋಗುತ್ತದೆ. ತಲುಪುತ್ತದೆಯೇ ಅನ್ನುವುದು ಮೊದಲು ಗೊತ್ತಾಗಬೇಕು. ಅದಕ್ಕೆ ಬೇಕಾದದ್ದು ಹೆಸರಲ್ಲ, ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಆ ಕಂಪ್ಯೂಟರನ್ನು ಗುರುತಿಸುವ ಸಂಖ್ಯೆ.

ಎರಡರಲ್ಲೂ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಹೊಡೆದೆ. ಡೆಸ್ಕ್‌ಟಾಪ್‌ನದು 192.168.1.34. ಲ್ಯಾಪ್‌ಟಾಪ್‌ನದು 192.168.0.103. ಎರಡರ ಸಬ್‌ನೆಟ್ ಮಾಸ್ಕ್ 255.255.255.0. ವಿಳಾಸದ ಎಷ್ಟು ಭಾಗ ನೆಟ್‌ವರ್ಕಿನದು ಅಂತ ಹೇಳುವುದು ಈ ಮಾಸ್ಕ್. ಇದು ಹೀಗಿದ್ದಾಗ, ಒಂದೇ ನೆಟ್‌ವರ್ಕ್‌ನ ಕಂಪ್ಯೂಟರ್‌ಗಳಿಗೆ ಮೊದಲ ಮೂರು ಸಂಖ್ಯೆ ಒಂದೇ ಆಗಿರಬೇಕು. ಇಲ್ಲಿ ಮೂರನೆಯದೇ ಬೇರೆ. ಅಂದರೆ ಒಂದೇ ಮನೆಯಲ್ಲಿ ಎರಡು ನೆಟ್‌ವರ್ಕ್! (ವಿಳಾಸ 169.254 ಎಂದು ಶುರುವಾಗಿದ್ದರೆ ಕತೆ ಬೇರೆ. ಆಗ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ ಅಂತ ಅರ್ಥ. ಕೇಬಲ್, ವೈಫೈ, ರೂಟರ್ ಕಡೆ ನೋಡಬೇಕು.)

ಕಾರಣ ಕಣ್ಣೆದುರೇ ಇತ್ತು. ಫೈಬರ್ ಕನೆಕ್ಷನ್ ಜೊತೆ ಬಂದ ಡಬ್ಬ ಕೆಳಗಿದೆ. ಅದು ಬರೀ ಮೋಡೆಮ್ ಅಲ್ಲ, ಅದೂ ಒಂದು ರೂಟರ್. ಮೇಲಿನ ಕೋಣೆಗೆ ಸಿಗ್ನಲ್ ಸಾಲದೆ ಇನ್ನೊಂದು ರೂಟರ್ ತಂದು, ಕೆಳಗಿನಿಂದ ಎಳೆದ ಕೇಬಲನ್ನು ಅದರ ವ್ಯಾನ್ ಪೋರ್ಟ್‌ಗೆ (ಇಂಟರ್ನೆಟ್ ಕೇಬಲ್ ಹಾಕುವ ತೂತಿಗೆ) ಹಾಕಿದ್ದೆವು. ಹಾಗೆ ಹಾಕಿದಾಗ ಅದು ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ. ಒಳಗಿನಿಂದ ಮಾತ್ರ ತೆರೆಯುವ ಬಾಗಿಲಿನ ಹಾಗೆ ಕೆಲಸ ಮಾಡುತ್ತದೆ. ಮೇಲಿನ ಲ್ಯಾಪ್‌ಟಾಪ್ ಕೆಳಗಿನದಕ್ಕೆ ಕೋರಿಕೆ ಕಳಿಸಬಹುದು, ಕೆಳಗಿನದು ತಾನಾಗಿ ಮೇಲಕ್ಕೆ ಕಳಿಸಲು ಆಗುವುದಿಲ್ಲ. ‘ನಾನಿಲ್ಲಿದ್ದೇನೆ’ ಎಂದು ಕಂಪ್ಯೂಟರ್‌ಗಳು ಕೂಗಿ ಹೇಳುವ ಸಂದೇಶಗಳಂತೂ ಎರಡೂ ಕಡೆಗೆ ದಾಟುವುದಿಲ್ಲ. ಆದರೆ ಇಂಟರ್ನೆಟ್ ಎರಡರಲ್ಲೂ ಸರಾಗ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಎರಡು ಅಂತಸ್ತಿನ ಮನೆಗಳಲ್ಲಿ ನಾನು ಜಾಸ್ತಿ ಕಂಡಿರುವುದು ಇದನ್ನೇ.

ಮೇಲಿನ ರೂಟರ್‌ನಲ್ಲಿ ‘ಆಕ್ಸೆಸ್ ಪಾಯಿಂಟ್’ ಮೋಡ್ (ಬೇರೆ ನೆಟ್‌ವರ್ಕ್ ಕಟ್ಟದೆ ಇರುವ ನೆಟ್‌ವರ್ಕನ್ನೇ ಹರಡುವ ಬಗೆ) ಇದ್ದರೆ ಅದನ್ನು ಆರಿಸಿದರೆ ಮುಗಿಯಿತು. ನಮ್ಮದರಲ್ಲಿ ಇರಲಿಲ್ಲ. ಕೈಯಾರೆ ಮಾಡಬೇಕಾಯಿತು, ಮತ್ತು ಇದರಲ್ಲಿ ಕ್ರಮ ಮುಖ್ಯ. ಮೊದಲು ಲ್ಯಾಪ್‌ಟಾಪನ್ನು ಆ ರೂಟರ್‌ಗೆ ಕೇಬಲ್‌ನಲ್ಲಿ ಜೋಡಿಸಿಕೊಂಡೆ. ರೂಟರ್‌ನ ವಿಳಾಸವನ್ನು 192.168.1.2 ಎಂದು ಬದಲಿಸಿದೆ. ಕೆಳಗಿನ ಡಬ್ಬ ಬೇರೆಯವರಿಗೆ ಹಂಚುವ ವಿಳಾಸಗಳ ಸಾಲಿನಲ್ಲಿ ಅದು ಬರುವುದಿಲ್ಲ ಅನ್ನುವುದನ್ನೂ ನೋಡಿಕೊಂಡೆ. ಆಮೇಲೆ ಹೊಸ ವಿಳಾಸದಲ್ಲಿ ಲಾಗಿನ್ ಆಗಿ ಡಿಎಚ್‌ಸಿಪಿ, ಅಂದರೆ ಉಳಿದ ಸಾಧನಗಳಿಗೆ ವಿಳಾಸ ಹಂಚುವ ಕೆಲಸವನ್ನು, ಆಫ್ ಮಾಡಿದೆ. ಕೊನೆಗೆ ಕೆಳಗಿನಿಂದ ಬಂದ ಕೇಬಲನ್ನು ವ್ಯಾನ್ ಪೋರ್ಟ್‌ನಿಂದ ಕಿತ್ತು ಲ್ಯಾನ್ ಪೋರ್ಟ್‌ಗೆ (ಮನೆಯ ಕಂಪ್ಯೂಟರ್ ಜೋಡಿಸುವ ತೂತಿಗೆ) ಹಾಕಿದೆ. ಡಿಎಚ್‌ಸಿಪಿ ಆಫ್ ಮಾಡದೆ ಕೇಬಲ್ ಬದಲಿಸಿದರೆ ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರು ವಿಳಾಸ ಹಂಚಲು ಶುರು ಮಾಡುತ್ತಾರೆ. ಆಗ ಮನೆಯ ಫೋನು, ಟಿವಿಗಳೂ ಅಡ್ಡಾದಿಡ್ಡಿಯಾಗುತ್ತವೆ.

ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದಾಗ ಲ್ಯಾಪ್‌ಟಾಪ್‌ಗೆ 192.168.1.41 ಸಿಕ್ಕಿತು. ಡೆಸ್ಕ್‌ಟಾಪ್‌ಗೆ ಪಿಂಗ್ ಮಾಡಿದರೆ (‘ಇದ್ದೀಯಾ?’ ಎಂದು ಕೇಳುವ ಕಮಾಂಡ್) ‘ರಿಕ್ವೆಸ್ಟ್ ಟೈಮ್ಡ್ ಔಟ್’, ಅಂದರೆ ಉತ್ತರ ಬರಲಿಲ್ಲ. ಇಲ್ಲಿ ಬಹಳ ಜನ ನಿರಾಸೆಯಾಗಿ ಕೇಬಲ್ ಕೀಳಲು ಹೊರಡುತ್ತಾರೆ. ಬೇಡ. ಕಮಾಂಡ್ ಪ್ರಾಂಪ್ಟ್‌ನಲ್ಲಿ ‘ಎಆರ್‌ಪಿ -ಎ’ (arp -a) ಹೊಡೆದು ನೋಡಿ. ನನಗೆ ಆ ಪಟ್ಟಿಯಲ್ಲಿ 192.168.1.34ರ ಮುಂದೆ ಡೆಸ್ಕ್‌ಟಾಪ್‌ನ ಮ್ಯಾಕ್ ವಿಳಾಸ (ಅದರ ನೆಟ್‌ವರ್ಕ್ ಕಾರ್ಡ್‌ನ ಗುರುತಿನ ಸಂಖ್ಯೆ) ಕಾಣಿಸಿತು. ಅಂದರೆ ಅದು ಜೀವಂತವಾಗಿದೆ, ನೆಟ್‌ವರ್ಕ್‌ನಲ್ಲಿ ಸಿಗುತ್ತಿದೆ. ಪಿಂಗ್‌ಗೆ ಉತ್ತರ ಕೊಡದಂತೆ ಅದರ ಫೈರ್‌ವಾಲ್ (ಹೊರಗಿನ ಕೋರಿಕೆಗಳನ್ನು ತಡೆಯುವ ಕಾವಲು) ತಡೆದಿದೆ, ಅಷ್ಟೇ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂದು ಬಂದು, ಪಟ್ಟಿಯಲ್ಲೂ ಆ ವಿಳಾಸ ಇಲ್ಲದಿದ್ದರೆ ಮಾತ್ರ ಕೇಬಲ್, ವೈಫೈ ಕಡೆ ತಿರುಗಬೇಕು. ಗೆಸ್ಟ್ ವೈಫೈಗೆ ಸೇರಿಕೊಂಡಿದ್ದರೂ ಹೀಗೇ ಆಗುತ್ತದೆ. ಒಳಗಿನ ಬೇರೆ ಕಂಪ್ಯೂಟರ್ ಸಿಗಬಾರದು ಅಂತಲೇ ಗೆಸ್ಟ್ ವೈಫೈ ಇರುವುದು, ಅಲ್ವಾ?

ಫೈರ್‌ವಾಲ್ ಪೂರ್ತಿ ಆಫ್ ಮಾಡಿ ಅಂತ ಸಲಹೆ ಕೊಡುವವರು ತುಂಬಾ ಜನ ಇದ್ದಾರೆ. ದಯವಿಟ್ಟು ಮಾಡಬೇಡಿ. ವಿಂಡೋಸ್ ಪ್ರತಿ ನೆಟ್‌ವರ್ಕನ್ನೂ ಪಬ್ಲಿಕ್ ಅಥವಾ ಪ್ರೈವೇಟ್ ಎಂದು ಗುರುತು ಹಾಕಿಕೊಳ್ಳುತ್ತದೆ. ಹೊಸ ವೈಫೈಗೆ ಸೇರಿದರೆ ಸಾಮಾನ್ಯವಾಗಿ ಪಬ್ಲಿಕ್. ಬಸ್ ಸ್ಟ್ಯಾಂಡ್‌ನ ವೈಫೈಗೆ ಅದು ಸರಿಯೇ, ಮನೆಗೆ ಅಲ್ಲ. ನಮ್ಮ ಎರಡು ಕಂಪ್ಯೂಟರ್‌ಗಳೂ ಪಬ್ಲಿಕ್‌ನಲ್ಲೇ ಇದ್ದವು. ಸೆಟ್ಟಿಂಗ್ಸ್‌ನಲ್ಲಿ ಆ ಕನೆಕ್ಷನ್‌ನ ಪ್ರಾಪರ್ಟೀಸ್‌ಗೆ ಹೋಗಿ ಪ್ರೈವೇಟ್ ಮಾಡಿದೆ. ‘ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್’ನಲ್ಲಿ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಅಂಡ್ ಪ್ರಿಂಟರ್ ಶೇರಿಂಗ್ ಎರಡನ್ನೂ ಆನ್ ಮಾಡಿದೆ. ಪಿಂಗ್‌ಗೆ ಉತ್ತರ ಬಂತು. ಬೇರೆ ಕಂಪನಿಯ ಆಂಟಿವೈರಸ್ ಇದ್ದರೆ ಅದರ ಫೈರ್‌ವಾಲ್‌ನಲ್ಲೂ ಹೀಗೇ ಹೇಳಬೇಕಾಗಬಹುದು.

ಈಗ ಎಕ್ಸ್‌ಪ್ಲೋರರ್‌ನ ಅಡ್ರೆಸ್ ಬಾರ್‌ನಲ್ಲಿ \\192.168.1.34 ಎಂದು ಬರೆದು ಎಂಟರ್ ಒತ್ತಿದರೆ ಹೆಸರು, ಪಾಸ್‌ವರ್ಡ್ ಕೇಳಿತು. ‘ನೆಟ್‌ವರ್ಕ್’ ಪಟ್ಟಿ ಆಗಲೂ ಖಾಲಿ! ಆದರೂ ದಾರಿ ತೆರೆದಿತ್ತು.

ತಂಗಿ ಡೆಸ್ಕ್‌ಟಾಪ್‌ನ ಪಿನ್ ಹೊಡೆದಳು. ಒಪ್ಪಲಿಲ್ಲ. ಪಿನ್ ಆ ಒಂದು ಕಂಪ್ಯೂಟರ್ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕ್ ಮೇಲಿಂದ ನಡೆಯುವುದಿಲ್ಲ. ಪಾಸ್‌ವರ್ಡೇ ಇಲ್ಲದ ಖಾತೆಯನ್ನೂ ವಿಂಡೋಸ್ ದೂರದಿಂದ ಒಳಗೆ ಬಿಡುವುದಿಲ್ಲ. ಇದಕ್ಕೆ ‘ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್’ ಆಫ್ ಮಾಡುವುದು ಸುಲಭದ ದಾರಿಯಂತೆ ಕಾಣುತ್ತದೆ. ಜಮೀನಿನ ಕಾಗದ ಇರುವ ಫೋಲ್ಡರ್‌ಗೆ ನಾನು ಅದನ್ನು ಒಪ್ಪುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಶೇರಿಂಗ್‌ಗೆ ಅಂತಲೇ ಒಂದು ಲೋಕಲ್ ಖಾತೆ ಮಾಡಿ ಗಟ್ಟಿ ಪಾಸ್‌ವರ್ಡ್ ಇಟ್ಟೆ. ಅನುಮತಿಯನ್ನು ಎರಡು ಕಡೆ ಕೊಡಬೇಕು: ಫೋಲ್ಡರ್‌ನ ಶೇರಿಂಗ್ ಟ್ಯಾಬ್‌ನಲ್ಲಿ, ಸೆಕ್ಯೂರಿಟಿ ಟ್ಯಾಬ್‌ನಲ್ಲಿ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಲಾಗಿನ್ ಆಗುವಾಗ ಮೊದಲು ಡೆಸ್ಕ್‌ಟಾಪ್‌ನ ಹೆಸರು, ಆಮೇಲೆ \ ಗುರುತು, ಕೊನೆಗೆ ಖಾತೆಯ ಹೆಸರು ಹಾಕಿದರೆ ಗೊಂದಲ ಇರುವುದಿಲ್ಲ.

ಪಟ್ಟಿಯಲ್ಲಿ ಹೆಸರು ಕಾಣುವುದು ಆಮೇಲಿನ ಮಾತು. ಡೆಸ್ಕ್‌ಟಾಪ್‌ನಲ್ಲಿ ಸರ್ವಿಸಸ್‌ಗೆ (ವಿಂಡೋಸ್ ಹಿನ್ನೆಲೆಯಲ್ಲಿ ನಡೆಸುವ ಕೆಲಸಗಳ ಪಟ್ಟಿಗೆ) ಹೋಗಿ ‘ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್’ ಅನ್ನುವುದನ್ನು ಆಟೋಮ್ಯಾಟಿಕ್ ಮಾಡಿ ಶುರು ಮಾಡಿದೆ. ಕಂಪ್ಯೂಟರ್ ತನ್ನ ಇರುವಿಕೆಯನ್ನು ಉಳಿದವರಿಗೆ ತಿಳಿಸುವುದು ಅದರಿಂದಲೇ. ಸ್ವಲ್ಪ ಹೊತ್ತಿಗೆ ಡೆಸ್ಕ್‌ಟಾಪ್ ಹೆಸರು ಲ್ಯಾಪ್‌ಟಾಪ್‌ನಲ್ಲಿ ಬಂತು.

ಈ ಹಂತಕ್ಕೆ ಹುಡುಕುವವರಿಗೆ ‘ಎಸ್‌ಎಂಬಿ 1 ಆನ್ ಮಾಡಿ’ ಎನ್ನುವ ಸಲಹೆ ಸಿಕ್ಕೇ ಸಿಗುತ್ತದೆ. ಎಸ್‌ಎಂಬಿ ಅಂದರೆ ವಿಂಡೋಸ್ ಫೈಲ್ ಹಂಚಿಕೊಳ್ಳುವ ವಿಧಾನ, 1 ಅದರ ಮೊದಲ ಆವೃತ್ತಿ. ಅದು ಹಳೆಯ ಕಾಲದ್ದು. ಹಿಂದೆ ಆ ಪಟ್ಟಿ ತುಂಬುತ್ತಿದ್ದದ್ದು ಎಸ್‌ಎಂಬಿ 1 ನಂಬಿಕೊಂಡಿದ್ದ ಕಂಪ್ಯೂಟರ್ ಬ್ರೌಸರ್ ಸರ್ವಿಸ್‌ನಿಂದ, ನಿಜ. ಆದರೆ 2017ರ ಮೇನಲ್ಲಿ ವಾನಾಕ್ರೈ ಎಂಬ, ಫೈಲ್‌ಗಳನ್ನು ಬೀಗ ಹಾಕಿ ಹಣ ಕೇಳುವ ವೈರಸ್ ಹಬ್ಬಿದ್ದು ಎಸ್‌ಎಂಬಿ 1ರಲ್ಲಿದ್ದ ಲೋಪದ ಮೂಲಕ. ಅದೇ ವರ್ಷ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ, ಹೊಸದಾಗಿ ಹಾಕುವ ವಿಂಡೋಸ್‌ನಲ್ಲಿ ಅದನ್ನು ಹಂತಹಂತವಾಗಿ ಕೈಬಿಡುತ್ತಾ ಬಂದರು. ಒಂದು ಹೆಸರು ಪಟ್ಟಿಯಲ್ಲಿ ಕಾಣಲಿ ಅಂತ ಅದನ್ನು ಸುಮ್ನೆ ವಾಪಸ್ ತರಬೇಡಿ. ಹೋಮ್‌ಗ್ರೂಪ್ (ಮನೆಯ ಕಂಪ್ಯೂಟರ್‌ಗಳ ನಡುವೆ ಹಂಚಿಕೊಳ್ಳಲು ವಿಂಡೋಸ್‌ನಲ್ಲಿದ್ದ ಸೌಲಭ್ಯ) ಮಾಡಿ ಅನ್ನುವ ಸಲಹೆಯೂ ಅಷ್ಟೇ, 2018ರಲ್ಲೇ ಅದನ್ನು ವಿಂಡೋಸ್ 10ರಿಂದ ತೆಗೆದರು.

ನನ್ನ ಆಫೀಸಿನ ಲ್ಯಾಪ್‌ಟಾಪ್‌ಗೆ ಮಾತ್ರ ವಿಪಿಎನ್ (ಆಫೀಸಿನ ನೆಟ್‌ವರ್ಕ್‌ಗೆ ಸೇರಿಸುವ ಗುಪ್ತ ಸಂಪರ್ಕ) ಆನ್ ಇರುವಷ್ಟು ಹೊತ್ತು ಡೆಸ್ಕ್‌ಟಾಪ್ ಸಿಗುವುದಿಲ್ಲ. ಅದು ಆಫೀಸಿನವರ ನಿಯಮ, ಅದರಲ್ಲಿ ಕೈ ಆಡಿಸಲಿಲ್ಲ.

ಇನ್ನು ಉಳಿದದ್ದು ಮೂರು ಸಣ್ಣ ಕೆಲಸ. ಫೈಬರ್ ಡಬ್ಬದಲ್ಲಿ ಡೆಸ್ಕ್‌ಟಾಪ್‌ನ ಮ್ಯಾಕ್ ವಿಳಾಸ ಕೊಟ್ಟು 192.168.1.34 ಅನ್ನು ಅದಕ್ಕೇ ಕಾದಿರಿಸಿದೆ. ತಂಗಿಯ ಲ್ಯಾಪ್‌ಟಾಪ್‌ನಲ್ಲಿ ಆ ಫೋಲ್ಡರನ್ನು ಜೆಡ್ ಡ್ರೈವ್ ಆಗಿ ಮ್ಯಾಪ್ ಮಾಡಿದೆ. ಡೆಸ್ಕ್‌ಟಾಪ್ ಸ್ಲೀಪ್‌ಗೆ ಹೋದರೆ ನೆಟ್‌ವರ್ಕ್‌ನಿಂದಲೂ ಮಾಯ. ಹಾಗಾಗಿ ಸ್ಕ್ರೀನ್ ಆರಿದರೂ ಕಂಪ್ಯೂಟರ್ ಸ್ಲೀಪ್ ಆಗದಂತೆ ಪವರ್ ಸೆಟ್ಟಿಂಗ್ಸ್‌ನಲ್ಲಿ ಹೇಳಿಟ್ಟೆ. ರಾತ್ರಿ ಮಲಗುವಾಗ ಅಪ್ಪನೇ ಅದನ್ನು ಶಟ್‌ಡೌನ್ ಮಾಡುತ್ತಾರೆ.